ರಟ್ಟಿನ ಹಿಂದಿನ ಪದಗಳು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಸಿಟ್ಟು ಬರುತ್ತಿತ್ತು. ಯಾರ ಹೆಸರು ಎಲ್ಲಿ ಕಂಡರೂ, ಅದು ಮದುವೆ ಕಾಗದವಾಗಲಿ ಶ್ರದ್ಧಾಂಜಲಿಯ ಬ್ಯಾನರಾಗಲಿ, "ಇದೂ ಒಂದು ಪದ, ಪಟ್ಟಿಗೆ ಸೇರ್ಸು" ಎನ್ನುವ ಮನುಷ್ಯ ಅವರು. ಈ ಸಲದ ಆಷಾಢದಲ್ಲಿ ತೀರಿಕೊಂಡರು. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಮೃದು ಸ್ವಭಾವದವರು, ಎಲ್ಲರಿಗೂ ಬೇಕಾದವರು ಎಂದೆಲ್ಲ ಬರೆದರು. ಓದಿ ನನಗೆ ರೇಗಿತು. ಅವರು ಮೃದು ಸ್ವಭಾವದವರಾಗಿರಲಿಲ್ಲ, ಎಲ್ಲರಿಗೂ ಬೇಕಾದವರಂತೂ ಅಲ್ಲವೇ ಅಲ್ಲ. ಸತ್ತ ಕೂಡಲೇ ಮನುಷ್ಯನಿಗೆ ಇಸ್ತ್ರಿ ಹಾಕಿ ಮಡಚಿಡುವ ಈ ಚಾಳಿ ನನಗೆ ಸೇರುವುದಿಲ್ಲ.

ನಮ್ಮದು ಕಳಸದ ಬೆಳೆಗಾರರ ಸಹಕಾರ ಸಂಘ. ಕಾಫಿ, ಅಡಿಕೆ, ಮೆಣಸು ಮಾರಾಟಕ್ಕೆ ಹಾಕಲು ಬರುವವರು, ಗೊಬ್ಬರ ಒಯ್ಯಲು ಬರುವವರು, ಏನೂ ಕೆಲಸವಿಲ್ಲದೆ ಮಳೆ ನಿಲ್ಲುವವರೆಗೆ ಬೆಂಚಿನ ಮೇಲೆ ಕೂತು ಹೋಗುವವರು, ಎಲ್ಲರೂ ಅಲ್ಲಿಗೇ. ನಾನು ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅವರು ಕಂಪ್ಯೂಟರ್ ನೋಡಿಕೊಳ್ಳಲು ಬಂದವರು. ಅದಕ್ಕೂ ಮೊದಲು ಕುದುರೆಮುಖದಲ್ಲಿ ಗಣಿ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದರಂತೆ. ಗಣಿ ನಿಂತ ಮೇಲೆ ಅಲ್ಲಿದ್ದವರೆಲ್ಲ ಮಂಗಳೂರು, ಬಳ್ಳಾರಿ ಎಂದು ದಿಕ್ಕಾಪಾಲಾದರು. ಇವರು ಮಾತ್ರ ಕಳಸದವರೆಗೆ ಬಂದು ಇಲ್ಲೇ ನಿಂತರು. ಯಾಕೆ ಎಂದು ಕೇಳಿದರೆ, "ಬಸ್ಸು ಇಲ್ಲೇ ಕೆಟ್ಟು ನಿಂತಿತು ಮಾರಾಯ್ತಿ" ಎನ್ನುತ್ತಿದ್ದರು. ಅವರ ಬಾಯಿಂದ ಕುದುರೆಮುಖದ ಬಗ್ಗೆ ಅದಕ್ಕಿಂತ ಹೆಚ್ಚು ಯಾರೂ ಕೇಳಿದ್ದಿಲ್ಲ.

ತೆಳ್ಳಗೆ, ಉದ್ದಕ್ಕೆ ಇದ್ದರು. ಬೇಸಿಗೆಯಲ್ಲೂ ಕಂದು ಬಣ್ಣದ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಚಹಾ ತರಿಸಿಕೊಂಡು ಅರ್ಧ ಕುಡಿದು ಮರೆತುಬಿಡುವುದು, ಆಮೇಲೆ ತಣ್ಣಗಾಗಿದೆ ಎಂದು ಕ್ಯಾಂಟೀನಿನವರನ್ನು ಬೈಯುವುದು. ಕೀಬೋರ್ಡಿನ ಮೇಲೆ ಅವಲಕ್ಕಿಯ ಚೂರು ಕಂಡರೆ ಸಾಕು, ಆ ಮೇಜಿನವರಿಗೆ ಅವತ್ತು ಮಂಗಳಾರತಿ. ನಿಮ್ಮ ಕಷ್ಟ ಹೇಳಿಕೊಂಡರೆ ಕೇಳುವವರಲ್ಲ. "ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?" ಎಂದು ಯಂತ್ರಕ್ಕೆ ಹೇಳುವುದನ್ನೇ ಮನುಷ್ಯರಿಗೂ ಹೇಳಿ ಎದ್ದು ಹೋಗುತ್ತಿದ್ದರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗಲೂ ನನಗೆ ಅದನ್ನೇ ಹೇಳಿದರು. ಆಗ ಸಿಟ್ಟು ಬಂದಿತ್ತು. ಸಂಜೆ ನೋಡಿದರೆ ನನ್ನ ಪಾಲಿನ ತಿಂಗಳ ಕೊನೆಯ ಕೆಲಸವನ್ನೆಲ್ಲ ತಾವೇ ಮಾಡಿ ಮುಗಿಸಿಟ್ಟಿದ್ದರು. ಕೇಳಿದರೆ, ಪ್ರಿಂಟರ್ ಪರೀಕ್ಷೆ ಮಾಡಬೇಕಿತ್ತು ಎಂದರು.

ಪಾಸ್‌ವರ್ಡ್ ಪರೀಕ್ಷೆ ಶುರುವಾದದ್ದು ಆಡಿಟ್‌ನವರು ಹೇಳಿದ ಮೇಲೆ. ನಮ್ಮ ಪಾಸ್‌ವರ್ಡುಗಳು ಎಷ್ಟು ಗಟ್ಟಿ ಎಂದು ಆಗಾಗ ನೋಡಬೇಕು ಎಂದು ಅವರು ಬರೆದುಹೋದರು, ಆಡಳಿತ ಮಂಡಳಿ ಒಪ್ಪಿತು, ಕೆಲಸ ಇವರ ತಲೆಗೆ ಬಂತು. ಹೇಗೆ ನೋಡುತ್ತೀರಿ ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ವಿವರಣೆ ನನಗೆ ಈಗಲೂ ಬಾಯಿಪಾಠ. ನೀವು ಬರೆದ ಪಾಸ್‌ವರ್ಡನ್ನು ಕಂಪ್ಯೂಟರ್ ಹಾಗೇ ಇಟ್ಟುಕೊಳ್ಳುವುದಿಲ್ಲ, ಕಾಫಿ ಬೀಜದ ಹಾಗೆ ಪುಡಿ ಮಾಡಿ ಇಡುತ್ತದೆ. ಪುಡಿಯಿಂದ ವಾಪಸ್ ಬೀಜ ಮಾಡಲು ಯಾರಿಂದಲೂ ಆಗದು. ಆದರೆ ಕಳ್ಳ ಏನು ಮಾಡುತ್ತಾನೆ ಎಂದರೆ, ತನ್ನ ಹತ್ತಿರ ಒಂದು ಪದಗಳ ಪಟ್ಟಿ ಇಟ್ಟುಕೊಂಡು, ಅದರ ಒಂದೊಂದೇ ಪದವನ್ನು ಅದೇ ಮೆಷಿನ್ನಿಗೆ ಹಾಕಿ ಪುಡಿ ಮಾಡಿ, ನಿಮ್ಮ ಪುಡಿಯ ಪಕ್ಕದಲ್ಲಿಟ್ಟು ನೋಡುತ್ತಾನೆ. ಎರಡೂ ಒಂದೇ ಆದರೆ ನೀವು ಸಿಕ್ಕಿಬಿದ್ದಿರಿ. ಕಳ್ಳನಿಗಿಂತ ಮೊದಲು ಅದನ್ನು ತಾವು ಮಾಡಿ ನೋಡುವುದೇ ಪರೀಕ್ಷೆ. ಎಲ್ಲ ಇರುವುದು ಪಟ್ಟಿಯಲ್ಲಿ, ಪಟ್ಟಿಯಲ್ಲಿ ಇಲ್ಲದ್ದನ್ನು ಅದು ಜನ್ಮದಲ್ಲಿ ಕಂಡುಹಿಡಿಯದು ಎಂದರು.

ಪರದೇಶದವರು ಮಾಡಿಟ್ಟ ದೊಡ್ಡ ದೊಡ್ಡ ಪಟ್ಟಿಗಳು ಪುಕ್ಕಟೆ ಸಿಗುತ್ತಿದ್ದವು. ಅವನ್ನು ಹಾಕಿದರೆ ನಮ್ಮ ಆಫೀಸಿನಲ್ಲಿ ಹೆಚ್ಚಿನವರು ಪಾಸಾದರು. ನಮ್ಮವರಿಗೆ ಹೆಮ್ಮೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಸಾಕು, ಅಲ್ಲೆಲ್ಲೋ ಕೂತ ಕಳ್ಳನಿಗೆ ಕನ್ನಡ ಬರುತ್ತದಾ ಎನ್ನುವುದು ಇಡೀ ಆಫೀಸಿನ ನಂಬಿಕೆ. ನಮ್ಮ ಕಾರ್ಯದರ್ಶಿಗಳು ಈ ಉಪಾಯವನ್ನು ತಾವೇ ಕಂಡುಹಿಡಿದವರ ಹಾಗೆ ಮೂಡಿಗೆರೆ ಬ್ರಾಂಚಿನವರಿಗೂ ಹೇಳಿಕೊಟ್ಟಿದ್ದರು. ಇವರು ಏನೂ ಹೇಳದೆ ಕಿಟಕಿಯ ಪಕ್ಕ ಕೂತು ತಮ್ಮದೇ ಒಂದು ಪಟ್ಟಿ ಮಾಡಲು ಶುರುಮಾಡಿದರು.

ಆ ಪಟ್ಟಿಯ ಹುಚ್ಚು ಅವರಿಗೆ ಹತ್ತಿದ್ದನ್ನು ನೋಡಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಜೀಪುಗಳ ಹಿಂದೆ ಬರೆದದ್ದು, ಎಸ್ಟೇಟ್ ಗೇಟುಗಳ ಮೇಲಿನ ಹೆಸರು, ತಿಂಡಿಗಳು, ಮೀನುಗಳು, ಮಳೆ ನಕ್ಷತ್ರಗಳು, ಅತ್ತೆ ಸೊಸೆಗೆ ಬೈಯುವ ಬೈಗುಳ, ಎಲ್ಲ ಹೋಗಿ ಅದರೊಳಗೆ ಬಿತ್ತು. ಕಡುಬು ಎಂಬುದನ್ನು ಇಂಗ್ಲಿಷಿನಲ್ಲಿ ಜನ ಎಷ್ಟು ತರ ಬರೆಯಬಹುದೋ ಅಷ್ಟೂ ತರ ಬರೆದರು, ಹಿಂದೆ ಮುಂದೆ ಪಿನ್‌ಕೋಡ್ ಸೇರಿಸಿದರು. ಎಲ್ಲವನ್ನೂ ಬೇರೆ ಬೇರೆ ಫೈಲು ಮಾಡಿ ಹೆಸರಿಟ್ಟರು: ದೇವರು, ತೋಟ, ನಾಯಿ, ಮಕ್ಕಳು, ತಿಂಡಿ, ಬೈಗುಳ. ಕೊನೆಯಲ್ಲಿ 'ಇತರೆ' ಎಂದು ಇನ್ನೊಂದು. ಸಂಘಕ್ಕೆ ಬಂದ ಸದಸ್ಯರ ಹತ್ತಿರ ನಾಯಿಯ ಹೆಸರು ಕೇಳುವುದು ಅವರಿಗೆ ಅಭ್ಯಾಸವೇ ಆಯಿತು. ಕುಶಲ ವಿಚಾರಿಸುತ್ತಿದ್ದಾರೆ ಎಂದು ಜನ ಸಂತೋಷಪಟ್ಟರು.

ಮೊದಲ ಪರೀಕ್ಷೆಗೆ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ಜನರ ಪಾಸ್‌ವರ್ಡ್ ಒಡೆಯಿತು, ಎಂದರೆ ಪಟ್ಟಿಯಲ್ಲಿ ಸಿಕ್ಕಿತು, ನನ್ನದೂ. ಅರ್ಧ ಆಫೀಸು ಹೊರನಾಡು ಅಮ್ಮನವರನ್ನೇ ನಂಬಿಕೊಂಡಿತ್ತು. ಅದರಲ್ಲೂ ನಮ್ಮ ಕ್ಯಾಶಿಯರ್, ಬೆಳಿಗ್ಗೆ ಚಪ್ಪಲಿ ಬಿಟ್ಟು ಬಂದು ಕಣ್ಣುಮುಚ್ಚಿ ಪಾಸ್‌ವರ್ಡ್ ಹಾಕುವವರು. ಬದಲಾಯಿಸಿ ಎಂದರೆ, ಒಮ್ಮೆ ಕೂರಿಸಿದ ಅಮ್ಮನವರನ್ನು ತೆಗೆಯುವುದು ಹೇಗೆ ಎಂದು ಹಟ ಹಿಡಿದರು. ಎರಡು ದಿನ ಜಗಳವಾಗಿ, ಅಮ್ಮನವರು ಇದ್ದಲ್ಲೇ ಇರಲಿ, ಅವರ ಹಿಂದೆ ಸಂಬಂಧವಿಲ್ಲದ ನಾಲ್ಕು ಪದ ಸಾಲಾಗಿ ನಿಲ್ಲಲಿ ಎಂದು ರಾಜಿಯಾಯಿತು.

ನಗುವುದಕ್ಕೆ ಇದ್ದದ್ದು ಅಷ್ಟೇ. ಆ ಸಲದ ಸಿಬ್ಬಂದಿ ಸಭೆಯಲ್ಲಿ ಇವರು ಎದ್ದುನಿಂತು ಒಡೆದ ಪದಗಳನ್ನು ಒಂದೊಂದಾಗಿ ಹೆಸರಿನ ಸಮೇತ ಓದಿದರು. ತಮ್ಮ ಜಾಣತನ ತೋರಿಸಿಕೊಳ್ಳುವ ಚಪಲ, ಬೇರೇನಲ್ಲ. ಎಲ್ಲರೂ ನಗುತ್ತಿದ್ದರು. ಗೋಡೌನ್ ನೋಡಿಕೊಳ್ಳುತ್ತಿದ್ದವರ ಸರದಿ ಬಂದಾಗ ಒಂದು ಹೆಂಗಸಿನ ಹೆಸರು ಬಂತು. ಅದು ಅವರ ಹೆಂಡತಿಯ ಹೆಸರಲ್ಲ. ಯಾರ ಹೆಸರು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಮನುಷ್ಯ ತಲೆಯೆತ್ತಲಿಲ್ಲ. ವಾರದೊಳಗೆ ಮೂಡಿಗೆರೆಗೆ ವರ್ಗ ಕೇಳಿಕೊಂಡು ಹೋದರು, ಅವರ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಆ ಸಂಸಾರ ಮತ್ತೆ ಒಂದಾಗಲಿಲ್ಲ.

ಇವರು ತಪ್ಪಾಯಿತು ಎಂದು ಯಾರ ಹತ್ತಿರವೂ ಹೇಳಿದ್ದು ನನಗೆ ಗೊತ್ತಿಲ್ಲ. ಆದರೆ ಮುಂದಿನ ಪರೀಕ್ಷೆಯ ಹೊತ್ತಿಗೆ ಅವರ ಮಾನಿಟರಿನ ಬಲಗಡೆಗೆ ಒಂದು ರಟ್ಟು ಬಂದಿತ್ತು. ಗೊಬ್ಬರದ ಕ್ಯಾಲೆಂಡರಿನ ಹಿಂಬದಿಯದು, ಅಳತೆ ಹಿಡಿದು ಕತ್ತರಿಸಿ ಅಂಟಿಸಿದ್ದು. ಎಡಗಡೆ ಯಾರದು ಒಡೆಯಿತು ಎಂಬ ಹೆಸರು ಕಾಣುತ್ತಿತ್ತು, ಬಲಗಡೆ ಒಡೆದ ಪದ ರಟ್ಟಿನ ಹಿಂದೆ ಇರುತ್ತಿತ್ತು. ಕೆಲಸ ಮುಗಿದ ಕೂಡಲೇ ಆ ಪದಗಳನ್ನು ಅಳಿಸಿಬಿಡುತ್ತಿದ್ದರು. ನನಗೆ ಈ ಕೆಲಸ ಕಲಿಸುವಾಗ ಅವರು ಹಾಕಿದ ಮೊದಲ ನಿಯಮವೂ ಅದೇ.

"ಒಡೀತು ಅಂತ ಹೇಳು. ಎಂತ ಒಡೀತು ಅಂತ ನೋಡ್ಬೇಡ, ನೋಡಿದ್ರೂ ಹೇಳ್ಬೇಡ. ಜನ ಬಾಯಲ್ಲಿ ಹೇಳದ್ದನ್ನ ಅಲ್ಲಿ ಬರೀತಾರೆ."

ಆ ನಿಯಮ ನನಗೆ ಬಹಳ ಹಿಡಿಸಿತು. ಅಂಥ ಒರಟು ಮನುಷ್ಯನೊಳಗೆ ಇಂಥದೊಂದು ಮರ್ಯಾದೆ ಇದೆಯಲ್ಲ ಎಂದು ಅವರ ಮೇಲೆ ಗೌರವ ಹುಟ್ಟಿದ್ದು ಅವತ್ತೇ.

ಗೊಬ್ಬರದ ಕೌಂಟರಿನಲ್ಲಿ ಆಗ ಪ್ರಮೀಳಾ ಎಂಬ ಹುಡುಗಿ ಇದ್ದಳು. ಹುಡುಗಿ ಎಂದರೆ ಮೂವತ್ತು ದಾಟಿತ್ತು, ಮದುವೆಯಾಗಿ ವರ್ಷಗಳಾಗಿದ್ದವು, ಆದರೂ ನಮಗೆಲ್ಲ ಹುಡುಗಿಯೇ. ಕೆಲಸದಲ್ಲಿ ಚೊಕ್ಕ. ಯಾರೊಂದಿಗೂ ಏರುದನಿಯಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ತನ್ನ ಡಬ್ಬಿಯಿಂದ ಉಪ್ಪಿನಕಾಯಿಯನ್ನು ಎಲ್ಲರಿಗೂ ಹಾಕಿ ಕೊನೆಗೆ ತಾನು ಹಾಕಿಕೊಳ್ಳುವುದು. ಗೊಬ್ಬರ ಸಿಗದೆ ರೇಗಾಡುವ ದೊಡ್ಡ ತೋಟದವರೂ ಅವಳ ಮುಂದೆ ತಣ್ಣಗಾಗುತ್ತಿದ್ದರು. ಅವಳ ಬಗ್ಗೆ ಹೇಳಲು ಇಷ್ಟೇ ಇದೆ, ನನಗೆ ನಾಚಿಕೆಯಾಗುವಷ್ಟು ಕಮ್ಮಿ. ವರ್ಷಗಟ್ಟಲೆ ಜೊತೆಯಲ್ಲಿ ಉಂಡವರ ಬಗ್ಗೆ ನಮಗೆ ಉಪ್ಪಿನಕಾಯಿಯ ರುಚಿಯಷ್ಟೇ ಗೊತ್ತಿರುವುದು.

ಒಂದು ವರ್ಷ ಮಳೆಗಾಲದ ಪರೀಕ್ಷೆಯಲ್ಲಿ ಅವಳ ಪಾಸ್‌ವರ್ಡ್ ಒಡೆಯಿತು. ಇವರು ಅವಳನ್ನು ಕರೆದು ಬದಲಾಯಿಸಲು ಹೇಳಿದರು, ಅವಳು ಬದಲಾಯಿಸಿದಳು. ಇದು ಎಲ್ಲರಿಗೂ ಆಗುವುದೇ, ಯಾರೂ ಲಕ್ಷ್ಯ ಕೊಡಲಿಲ್ಲ. ಮಳೆ ಹಿಂದಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಕೌಂಟರ್ ತೆರೆಯಲಿಲ್ಲ. ಭದ್ರಾ ಹೊಳೆಯಲ್ಲಿ ಅವಳು ಸಿಕ್ಕಳು. ಕಾಲು ಜಾರಿತು ಎಂದು ಮನೆಯವರು ಹೇಳಿದರು, ನಾವೂ ಹಾಗೇ ಹೇಳಿದೆವು. ಹಾಗಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾಕೆ ಎಂದು ಮಾತ್ರ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ.

ಆಫೀಸಿಗೆ ಆಫೀಸೇ ಅವಳ ಮನೆಗೆ ಹೋಯಿತು. ಇವರು ಬರಲಿಲ್ಲ. ತಿಥಿಗೂ ಬರಲಿಲ್ಲ. ಗೊಬ್ಬರದ ದಾಸ್ತಾನು ತೆಗೆಯಲು ಅವಳ ಖಾತೆ ತೆರೆಯಬೇಕಾಗಿ ಬಂದಾಗ, ಅದನ್ನು ತಾವು ಮುಟ್ಟುವುದಿಲ್ಲ ಎಂದು ಕಾರ್ಯದರ್ಶಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಕೊನೆಗೆ ನಾನೇ ಹೊಸ ಪಾಸ್‌ವರ್ಡ್ ಹಾಕಿಕೊಟ್ಟೆ. ಅದಾಗಿ ಸ್ವಲ್ಪ ದಿನಕ್ಕೆ ಇವರು ಕೆಲಸ ಬಿಟ್ಟರು. ಎಂಥ ಕಲ್ಲು ಮನಸ್ಸಿನ ಮನುಷ್ಯ ಎಂದು ಕ್ಯಾಂಟೀನಿನಲ್ಲಿ ಮಾತಾಯಿತು, ಆ ಮಾತಿನಲ್ಲಿ ನಾನೂ ಸೇರಿದ್ದೆ. ಅದಕ್ಕೆ ನನಗೆ ಪಶ್ಚಾತ್ತಾಪವೇನಿಲ್ಲ, ಕಂಡದ್ದೇ ಅಷ್ಟು.

ಆಮೇಲೆ ಅವರು ಕಳಸದ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಮೊಬೈಲು, ಪ್ರಿಂಟರು ರಿಪೇರಿ ಮಾಡಿಕೊಂಡಿದ್ದರು. ದಾರಿಯಲ್ಲಿ ಸಿಕ್ಕರೆ ಪಟ್ಟಿ ಹೇಗಿದೆ ಎಂದಷ್ಟೇ ಕೇಳುತ್ತಿದ್ದರು. ಪರೀಕ್ಷೆಯ ಕೆಲಸ ಅಷ್ಟೊತ್ತಿಗೆ ನನ್ನದಾಗಿತ್ತು. ಹೋದ ವರ್ಷದಿಂದ ಅವರಿಗೆ ಶ್ವಾಸಕೋಶದ ಕಾಯಿಲೆ. ಈ ಸಲ ಬೇಸಿಗೆಯಲ್ಲಿ ಮಾತಾಡಿಸಿಕೊಂಡು ಬರೋಣ ಎಂದು ಒಂದು ಭಾನುವಾರ ಹೋದೆ. ಹೆಂಡತಿ ಅವಲಕ್ಕಿ, ಚಹಾ ತಂದಿಟ್ಟು ಒಳಗೆ ಹೋದರು. ಇವರು ಗೋಡೆಗೆ ದಿಂಬು ಕೊಟ್ಟು ಕೂತಿದ್ದರು, ಅದೇ ಸ್ವೆಟರ್. ಸ್ವಲ್ಪ ಹೊತ್ತು ಆಫೀಸಿನವರನ್ನೆಲ್ಲ ಬೈದು ಮುಗಿಸಿ, ನಾನು ಬಳಸುವ ಪಟ್ಟಿಯಲ್ಲಿ 'ಇತರೆ' ಎಂಬ ಫೈಲು ಇನ್ನೂ ಇದೆಯಾ ಎಂದು ಕೇಳಿದರು. ಇದೆ, ಆದರೆ ಅದರಿಂದ ಯಾರದೂ ಒಡೆದದ್ದನ್ನು ನಾನು ನೋಡಿಲ್ಲ ಎಂದೆ. ತೆಗೆದುಹಾಕು ಎಂದರು. ಯಾಕೆ ಎಂದು ಕೇಳಿದೆ. ಹೇಳುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಹೇಳಿದರು, ನಡುನಡುವೆ ಉಸಿರು ಸುಧಾರಿಸಿಕೊಳ್ಳುತ್ತ.

ಅವರ ತಂದೆ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್, ಎಂದರೆ ಆಳುಗಳ ಲೆಕ್ಕ ಬರೆಯುವವರು, ಆಗಿದ್ದರು. ಕೊಯ್ಲು ಮುಗಿದ ಸಂಜೆ ಕೂಲಿಯವರ ಲೈನ್‌ಮನೆಗಳ ಮುಂದೆ ನಿಂತು, ಇನ್ನು ಕೆಲಸವಿಲ್ಲ ಎಂಬುದನ್ನು ಎರಡೇ ಮಾತಿನಲ್ಲಿ ಹೇಳುತ್ತಿದ್ದರಂತೆ: ನಾಳೆ ಬೇಡ. ನಾಳೆ ಬರುವುದು ಬೇಡ ಎಂದು ಅದರ ಅರ್ಥ. ನಮ್ಮ ಕಡೆಯ ಯಾವ ತೋಟದಲ್ಲೂ ಕೇಳಬಹುದಾದ ಮಾತು. ಗಣಿ ನಿಂತ ಮೇಲೆ ಇವರನ್ನು ಹಳೆಯ ದಾಖಲೆ ಸರಿಪಡಿಸಲು ಇನ್ನೂ ಕೆಲವು ಕಾಲ ಕುದುರೆಮುಖದಲ್ಲಿ ಉಳಿಸಿಕೊಂಡರು. ಹೆಂಡತಿ ತವರಿನಲ್ಲಿದ್ದರು. ಅಕ್ಕಪಕ್ಕದ ಕ್ವಾರ್ಟರ್ಸುಗಳೆಲ್ಲ ಖಾಲಿಯಾಗಿ, ಬಾಗಿಲು ಕಿಟಕಿಯ ಮೇಲೆ ಪಾಚಿ ಹತ್ತಿತ್ತು. ಪಾಸ್‌ವರ್ಡ್ ಬದಲಾಯಿಸು ಎಂದು ಕಂಪ್ಯೂಟರ್ ಒಂದು ದಿನ ಕೇಳಿದಾಗ ಇವರ ಬೆರಳಿಗೆ ಬಂದದ್ದು ಅಪ್ಪನ ಆ ಮಾತು. ಮೊದಲ ದಿನ ತಮಾಷೆಗೇ ಬರೆದದ್ದು. ದಿನಾ ಬೆಳಿಗ್ಗೆ ಅದನ್ನೇ ಬರೆದು ಬರೆದು, ಅದು ಯಾರೋ ತಮಗೆ ಹೇಳುವ ಮಾತಾಗಿ, ಕೊನೆಗೆ ತಾವೇ ಕೇಳಿಕೊಳ್ಳುವ ಮಾತಾಯಿತು. ನಾಳೆ ಎಂಬುದೇ ಬೇಡ ಅಂತ.

ಒಂದು ದಿನ ಜ್ವರ ಎಂದು ಅವರು ಆಫೀಸಿಗೆ ಹೋಗಿರಲಿಲ್ಲ. ಪಕ್ಕದ ಮೇಜಿನವನು ಯಾವುದೋ ಕಾಗದ ಬೇಕಾಗಿ, ಫೋನ್ ಮಾಡಿ ಪಾಸ್‌ವರ್ಡ್ ಕೇಳಿದ. ಇವರು ಹೇಳಿದರು. ಆ ಕಡೆಯವನು ಫೋನ್ ಇಟ್ಟ. ಮಧ್ಯಾಹ್ನವಾಗುವುದರೊಳಗೆ ಆ ಮನುಷ್ಯ ಇವರ ಬಾಗಿಲಲ್ಲಿ ನಿಂತಿದ್ದ. ಎಂತ ಮಾರಾಯ ಇದು, ಹಿಂಗೆ ಯಾಕೆ ಬರ್ಕೊಂಡಿದೀಯ ಎಂದು ಕೇಳಿದ್ದಷ್ಟೇ. ಇವರು ಅಲ್ಲೇ ಅತ್ತುಬಿಟ್ಟರಂತೆ. ಆತ ಇವರನ್ನು ಜೀಪಿನಲ್ಲಿ ಕೂರಿಸಿಕೊಂಡು ಕಳಸಕ್ಕೆ ಕರೆತಂದು, ಮಳೆಗಾಲ ಮುಗಿಯುವವರೆಗೆ ತನ್ನ ಮನೆಯಲ್ಲಿಟ್ಟುಕೊಂಡ. ಕಳಸದಲ್ಲಿ ಇವರು ಉಳಿದದ್ದು ಹೀಗೆ.

"ಇತರೆ ಫೈಲಲ್ಲಿ ನಾನು ಹಾಕಿದ್ದು ಅದೊಂದೇ ಮಾತು, ನಾಲ್ಕೈದು ತರ ಸ್ಪೆಲಿಂಗ್ ಮಾಡಿ," ಎಂದರು. "ನನ್ನ ಬಿಟ್ರೆ ಯಾರು ಬರೀತಾರೆ ಅಂತ ಅಂದ್ಕೊಂಡಿದ್ದೆ."

ನಮ್ಮ ಸಂಘದ ಆ ಮಳೆಗಾಲದ ಪರೀಕ್ಷೆಯಲ್ಲಿ ಅವರು ಎಂದಿನ ಹಾಗೆ ಒಂದೊಂದೇ ಫೈಲು ಹಾಕುತ್ತ ಬಂದರು. ಕೊನೆಗೆ 'ಇತರೆ' ಹಾಕಿದರು. ಒಂದು ಹೆಸರು ಬಂತು, ಪ್ರಮೀಳಾ. ರಟ್ಟಿನ ಹಿಂದೆ ಏನಿದೆ ಎಂದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ರಟ್ಟು ಎತ್ತಿ ನೋಡಿದರಂತೆ. ಅದೇ ಮಾತು. ಬೇರೆ ಅರ್ಥವೂ ಇರಬಹುದು, ತೋಟದ ಕಡೆಯ ಹುಡುಗಿ, ಸುಮ್ಮನೆ ಬಾಯಿಗೆ ಬಂದದ್ದನ್ನು ಬರೆದಿರಬಹುದು ಎಂದು ಅವತ್ತಿಡೀ ತಮಗೆ ತಾವೇ ಹೇಳಿಕೊಂಡರಂತೆ. ಗೋಡೌನಿನವರ ಸಂಸಾರ ಒಡೆದದ್ದು ಕಣ್ಣಮುಂದೆಯೇ ಇತ್ತು. ತಾವೇ ಮಾಡಿದ ನಿಯಮ. ಅವಳನ್ನು ಕರೆದು, ನಿನ್ನದು ಒಡೆದಿದೆ, ಬದಲಾಯಿಸಬೇಕು ಎಂದಷ್ಟೇ ಹೇಳಿದರು.

ಇಲ್ಲಿಗೆ ಬಂದಾಗ ಅವರಿಗೆ ಕೆಮ್ಮು ಹತ್ತಿತು. ಸಾಕು ಸರ್, ಆಯಾಸವಾಗುತ್ತದೆ ಎಂದೆ. ಕೇಳಿಸಿಕೊಳ್ಳಲಿಲ್ಲ.

"ಅವಳು ಕೇಳಿದ್ಲು ಮಾರಾಯ್ತಿ. 'ಏನು ಬರ್ದಿದೀನಿ ಅಂತ ನೋಡಿದ್ರಾ ಸರ್' ಅಂತ ಕೇಳಿದ್ಲು. ಹೆದರಿ ಕೇಳಿದ್ದಲ್ಲ ಅದು. ನಾನು, 'ಇಲ್ಲಮ್ಮ, ನೋಡೋದಿಲ್ಲ, ಅದಕ್ಕೇ ಅಲ್ವಾ ರಟ್ಟು ಹಾಕಿರೋದು' ಅಂದೆ."

ಅವಳು ಹೋಗಲಿಲ್ಲವಂತೆ, ಮೇಜಿನ ಅಂಚು ಹಿಡಿದುಕೊಂಡು ಅಲ್ಲೇ ನಿಂತಿದ್ದಳಂತೆ. ಮತ್ತೇನಮ್ಮ ಎಂದು ಇವರು ಕೇಳಿದರು. ಏನಿಲ್ಲ ಸರ್ ಎಂದು ಹೋದಳು. ಸಂಜೆಯೊಳಗೆ ಬದಲಾಯಿಸಿಕೊಂಡು ಬಂದಳು. ಇವರು ತಮ್ಮಲ್ಲಿದ್ದ ಪಟ್ಟಿಗಳನ್ನೆಲ್ಲ ಹಾಕಿ ನೋಡಿದರು. ಒಡೆಯಲಿಲ್ಲ.

"ಶಹಬ್ಬಾಸ್ ಅಂದೆ ಅವಳಿಗೆ," ಎಂದರು. "ಗಟ್ಟಿ ಇದೆ ಕಣಮ್ಮ, ಇನ್ನು ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗೋದಿಲ್ಲ ಅಂತ ನಾನೇ ಹೇಳಿ ಕಳಿಸಿದೆ."